ಪಂಚಮಿಗೊಂದು ಕರಿ ಸೀರಿ

ಒಂದು ಮಾತು ಮೊದಲೇ ಒಪ್ಕೊಂಡುಬಿಡ್ತೀನಿ. ನಂಗೆ ಬಟ್ಟೆ ಹುಚ್ಚು. ಸಣ್ಣಪುಟ್ಟದ್ದಲ್ಲ, ಭಯಂಕರ ಹುಚ್ಚು. ಕೆಲವರಿಗೆ ಪುಸ್ತಕದಂಗಡಿ ಕಂಡ್ರೆ ಕಾಲು ಮುಂದಕ್ಕೆ ಹೋಗಲ್ಲ, ಕೆಲವರಿಗೆ ಪಾನಿಪೂರಿ ಗಾಡಿ. ನಂಗೆ ಗಾಜಿನ ಹಿಂದೆ ನಿಂತಿರ್ತಾವಲ್ಲ, ಆ ತಲೆ ಇಲ್ಲದ ಗೊಂಬೆಗಳು... ಅವಕ್ಕೆ ಉಡಿಸಿರೋ ಸೀರೆಯ ನೆರಿಗೆ ಎಣಿಸ್ತಾ ನಿಂತು ಎಷ್ಟು ಸಲ ಬಸ್ ತಪ್ಪಿಸ್ಕೊಂಡಿದೀನೋ ಲೆಕ್ಕ ಇಟ್ಟಿಲ್ಲ.

ಬೆಂಗಳೂರಿಗೆ ಬಂದ ಮೇಲಂತೂ ಕೇಳಲೇಬೇಡಿ. ಜಯನಗರ ಫೋರ್ತ್ ಬ್ಲಾಕು, ಮಲ್ಲೇಶ್ವರದ ಎಂಟನೇ ಕ್ರಾಸು, ಕಮರ್ಷಿಯಲ್ ಸ್ಟ್ರೀಟು, ಚಿಕ್ಕಪೇಟೆಯ ಓಣಿಗಳು. ಎಲ್ಲಿ ಯಾವ ಓಲೆ ಸಿಗುತ್ತೆ, ಎಲ್ಲಿ ದುಪಟ್ಟಾಕ್ಕೆ ಬಣ್ಣ ಹಾಕಿ ಕೊಡ್ತಾರೆ, ಯಾವ ಅಂಗಡಿಯವನು ಹತ್ತು ಹೆಜ್ಜೆ ಹೋದ ಮೇಲೆ ಕರೀತಾನೆ, ಯಾವನು ಕರೆಯೋದೇ ಇಲ್ಲ ಅನ್ನೋದೆಲ್ಲ ಬಾಯಿಪಾಠ. ಚೌಕಾಸಿ ಮಾಡೋದು ಗೊತ್ತಿಲ್ಲದವರು ಬೇಕಿದ್ರೆ ನನ್ನ ಕರ್ಕೊಂಡು ಹೋಗಿ, ಒಂದು ಕಬ್ಬಿನ ಹಾಲು ಕುಡಿಸಿದ್ರೆ ಸಾಕು :) ಇನ್ನು ರಾತ್ರಿ ಹನ್ನೊಂದಕ್ಕೆ ಮೊಬೈಲಲ್ಲಿ 'ಸುಮ್ನೆ ನೋಡೋಣ' ಅಂತ ಕೂತು, ಹನ್ನೆರಡಕ್ಕೆ ಮೂರು ಕುರ್ತಾ ಆರ್ಡರ್ ಮಾಡಿರೋ ಕಥೆ ಬೇರೆ. ಡೆಲಿವರಿ ಹುಡುಗನಿಗೆ ನಮ್ಮ ಪಿಜಿ ಆಂಟಿಗಿಂತ ನನ್ನ ಪರಿಚಯವೇ ಜಾಸ್ತಿ.

ಈ ಹುಚ್ಚಿಗೆ ತಕ್ಕ ಹಾಗೆ ಒಂದು ಸೂತ್ರಾನೂ ಕಂಡುಹಿಡಿದಿದೀನಿ. ಅವ್ವನಿಗೆ ಹೇಳೋ ಬೆಲೆ ಯಾವಾಗಲೂ ನಿಜವಾದ ಬೆಲೆಯ ಅರ್ಧ. ಸಾವಿರದ ಇನ್ನೂರರ ಕುರ್ತಾ ಆರ್ನೂರು. ಎಂಟುನೂರರ ಚಪ್ಪಲಿ ನಾನೂರು. ಬಿಲ್ಲು ಅಲ್ಲೇ ಅಂಗಡಿಯ ಕಸದ ಬುಟ್ಟಿಗೆ. ಹಾಗೆ ಹೇಳಿದ್ರೂ ಅವ್ವ "ಇಷ್ಟಕ್ಕ ನಾನೂರೇನ? ಧಾರವಾಡ ಮಾರ್ಕೆಟ್ಟಿನ್ಯಾಗ ನೂರೈವತ್ತಕ್ಕ ಸಿಗತಿತ್ತು" ಅಂತಾಳೆ. ಆ ಮಾತಿಗೆ ಮಾತ್ರ ಇನ್ನೂ ಸೂತ್ರ ಸಿಕ್ಕಿಲ್ಲ.

ಇಷ್ಟೆಲ್ಲ ಬಟ್ಟೆ ತಗೊಳ್ಳೋಳ ಕಪಾಟು ಹೇಗಿರಬೇಕು ಹೇಳಿ? ಕಾಮನಬಿಲ್ಲಿನ ಥರ ಇರಬೇಕಲ್ವಾ? ಹೋದ ವರ್ಷ ರೂಮಿಗೆ ಹೊಸದಾಗಿ ಬಂದ ಗೆಳತಿ ಅದನ್ನ ತೆಗೆದು ನೋಡಿ ಒಂದು ನಿಮಿಷ ಸುಮ್ಮನೆ ನಿಂತಳು. ಆಮೇಲೆ ಕೇಳಿದ್ಲು, "ಇದೇನೇ, ಕಪಾಟೋ ಮಾರಿ ಬಿಸ್ಕತ್ತಿನ ಡಬ್ಬಿಯೋ?"

ನಗು ಬಂತು. ಆದ್ರೆ ಅವಳು ಆಫೀಸಿಗೆ ಹೋದ ಮೇಲೆ ಬಾಗಿಲು ತೆಗೆದು ನಾನೂ ನೋಡಿದೆ. ಕೆನೆ ಬಣ್ಣ, ಬಿಸ್ಕತ್ ಬಣ್ಣ, ತಿಳಿ ಗುಲಾಬಿ, ಮಾಸಲು ಬಿಳಿ, ಬೂದಿ, ಮತ್ತೆ ಬಿಸ್ಕತ್. ಒಂದೇ ಒಂದು ಕಡುಗೆಂಪು ಇರಲಿಲ್ಲ, ಗಿಣಿಹಸಿರು ಇರಲಿಲ್ಲ, ರಾಣಿ ಬಣ್ಣ ಇರಲಿಲ್ಲ. ಇಷ್ಟು ವರ್ಷ ನಾನು ತಗೊಂಡಿದ್ದೆಲ್ಲ ನಾನೇ ಆರಿಸಿದ್ದು ಅಂತ ಅಂದ್ಕೊಂಡಿದ್ದೆ ನೋಡಿ!

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾನು ಕಪ್ಪು. 'ಗೋಧಿ ಬಣ್ಣ', 'ಎಣ್ಣೆಗೆಂಪು' ಅಂತೆಲ್ಲ ಬಯೋಡಾಟಾದಲ್ಲಿ ಬರೀತಾರಲ್ಲ ಅದಲ್ಲ. ಕಪ್ಪು. ಅವ್ವನ ಥರ. ಅಕ್ಕ ಅಪ್ಪನ ಥರ, ಕೆಂಪಗೆ, ಕೆನ್ನೆ ಮುಟ್ಟಿದ್ರೆ ಬೆರಳಿನ ಗುರುತು ಮೂಡ್ತಿತ್ತು. ಪಂಚಮಿಗೆ, ದೀಪಾವಳಿಗೆ ಅಪ್ಪ ಹುಬ್ಬಳ್ಳಿ ಜವಳಿ ಸಾಲಿನಿಂದ ಫ್ರಾಕಿನ ಬಟ್ಟೆ ತರ್ತಿದ್ರು. ಒಂದೇ ಡಿಸೈನು, ಎರಡು ಬಣ್ಣ. ಅಕ್ಕನಿಗೆ ರಾಣಿ, ನಂಗೆ ಬಿಸ್ಕತ್ತು. ಅಕ್ಕನಿಗೆ ನವಿಲು ಕತ್ತಿನ ಬಣ್ಣ, ನಂಗೆ ಕೆನೆ. ಟೇಲರ್ ಕಾಕಾ ಎರಡಕ್ಕೂ ಕೆಳಗೆ ನಾಲ್ಕು ಬೆರಳು ಒಳಗೆ ಮಡಚಿ ಹೊಲೀತಿದ್ದ, ಬೆಳೆಯೋ ಮಕ್ಕಳು ಅಂತ. ವರ್ಷಕ್ಕೊಂದು ಮಡಿಕೆ ಬಿಚ್ಚೋದು. ಬಿಚ್ಚಿದಲ್ಲೆಲ್ಲ ಒಂದು ಗೆರೆ, ಮರದ ವಯಸ್ಸಿನ ಗೆರೆ ಇದ್ದ ಹಾಗೆ. ನಿಮ್ಮಲ್ಲಿ ಎಷ್ಟು ಜನ ಅಂಥ ಗೆರೆ ಇದ್ದ ಫ್ರಾಕ್ ಹಾಕಿದೀರಿ, ಕೈ ಎತ್ತಿ?

ಎಲ್ಲರ ಮನೆಯಲ್ಲೂ ತಂಗಿಯರು ಅಕ್ಕನ ಹಳೇ ಬಟ್ಟೆ ಅಂದ್ರೆ ರಂಪ ಮಾಡ್ತಾರೆ. ನಾನು ಮಾತ್ರ ಅಕ್ಕ ಯಾವಾಗ ಉದ್ದ ಆಗ್ತಾಳೆ ಅಂತ ಕಾಯ್ತಿದ್ದೆ. ಯಾಕಂದ್ರೆ ಬಣ್ಣ ಅಂತ ನನ್ನ ಮೈಮೇಲೆ ಬೀಳ್ತಿದ್ದದ್ದು ಆ ಹಳೇ ಫ್ರಾಕುಗಳಲ್ಲಿ ಮಾತ್ರ. ಅದೂ ಮನೆಯೊಳಗೆ. ಹೊರಗೆ ಹೋಗುವಾಗ ಅವ್ವ ಬದಲಾಯಿಸೋಳು. "ಆ ಬಣ್ಣ ನಿನಗ ಎದ್ದು ಕಾಣಂಗಿಲ್ಲ ತಗೀ." ಬೈದು ಹೇಳ್ತಿರಲಿಲ್ಲ, ಹೊರಗೆ ಮಳೆ ಬರ್ತಿದೆ ಕೊಡೆ ತಗೋ ಅನ್ನೋ ಹಾಗೆ ಹೇಳ್ತಿದ್ಲು. ಹಾಗಾಗಿ ನಾನೂ ಅದನ್ನ ಮಳೆ ಬಿಸಿಲಿನಂಥ ವಿಷಯ ಅಂದ್ಕೊಂಡೇ ಬೆಳೆದೆ.

ಹೈಸ್ಕೂಲಲ್ಲಿ ಆ ಪ್ರಸಿದ್ಧ ಕ್ರೀಮಿನ ಟ್ಯೂಬನ್ನ ಕತ್ತರಿಯಿಂದ ಸೀಳಿ, ಒಳಗೆ ಅಂಟಿದ್ದನ್ನೂ ಬೆರಳಲ್ಲಿ ಬಳ್ಕೊಂಡು ಹಚ್ಕೊಂಡಿದೀನಿ. 2020ರಲ್ಲಿ ಅದರ ಹೆಸರಲ್ಲಿದ್ದ 'ಫೇರ್' ಹೋಗಿ 'ಗ್ಲೋ' ಬಂತು. ನನ್ನ ಮುಖದಲ್ಲಿ ಫೇರೂ ಬಂದಿರಲಿಲ್ಲ, ಗ್ಲೋನೂ ಬಂದಿರಲಿಲ್ಲ. ಮೊಡವೆ ಮಾತ್ರ ಬಂದಿತ್ತು.

ಮೊದಲ ಸಂಬಳದಲ್ಲಿ ಮೆಣಸಿನಕಾಯಿ ಕೆಂಪಿನ ಕುರ್ತಾ ತಗೊಳ್ಳೋಣ ಅಂತಲೇ ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿದ್ದೆ. ಟ್ರಯಲ್ ರೂಮಲ್ಲಿ ಹಾಕ್ಕೊಂಡೂ ನೋಡಿದೆ. ಚೆನ್ನಾಗೇ ಇತ್ತು ಕಣ್ರೀ! ಹೊರಗೆ ಬಂದಾಗ ಅಂಗಡಿ ಹುಡುಗ ಒಂದು ಬಿಸ್ಕತ್ ಬಣ್ಣದ್ದು ಹಿಡ್ಕೊಂಡು ನಿಂತಿದ್ದ. "ಮೇಡಂ, ನಿಮ್ಮ ಕಲರಿಗೆ ಇದು ಸೂಟ್ ಆಗುತ್ತೆ." ಅವನ ತಪ್ಪೇನಿಲ್ಲ, ಅವನಿಗೂ ಯಾರೋ ಹಾಗೇ ಹೇಳಿಕೊಟ್ಟಿರ್ತಾರೆ. ಕೆಂಪು ವಾಪಸ್ ಕೊಟ್ಟು ಬಿಸ್ಕತ್ ತಗೊಂಡು ಬಂದೆ. ದುಡ್ಡು ನಂದು, ಊರು ಬೇರೆ, ಅವ್ವ ನಾನೂರು ಕಿಲೋಮೀಟರ್ ಆಚೆ. ಆದ್ರೂ.

ಸರಿ, ಪಂಚಮಿಗೆ ಬರ್ತೀನಿ.

ದಕ್ಷಿಣದ ಕಡೆಯವರಿಗೆ ಗೌರಿ ಹಬ್ಬ ಹೇಗೋ ನಮ್ಮ ಕಡೆ ಹೆಣ್ಣುಮಕ್ಕಳಿಗೆ ನಾಗರ ಪಂಚಮಿ ಹಾಗೆ. ಶ್ರಾವಣದ ಜಿಟಿಜಿಟಿ ಮಳೆ, ಮರಕ್ಕೆ ಕಟ್ಟಿದ ಜೋಕಾಲಿ, ಹೊಸ ಸೀರೆ, ಡಬ್ಬಿ ಡಬ್ಬಿ ಉಂಡಿ. ಕೊಟ್ಟ ಮನೆಯಿಂದ ಹೆಣ್ಣುಮಕ್ಕಳನ್ನ ಕರ್ಕೊಂಡು ಬರೋಕೆ ಅಣ್ಣ ಹೋಗೋದು ಪದ್ಧತಿ. ನಮಗೆ ಅಣ್ಣ ಇಲ್ಲ, ಹಾಗಾಗಿ ಅಕ್ಕನ್ನ ಗದಗದಿಂದ ಕರ್ಕೊಂಡು ಬರೋಕೆ ಅಪ್ಪನೇ ಹೋಗ್ತಾರೆ. ನಾನು ರಜೆ ಹಾಕಿ ನಾಲ್ಕು ದಿನ ಮೊದಲೇ ಹೋಗ್ತೀನಿ. ಕಾರಣ ಎರಡು. ಒಂದು ಉಂಡಿ. ಇನ್ನೊಂದು ಶಾಪಿಂಗು. ಯಾವುದು ಮೊದಲು ಅಂತ ಕೇಳಬೇಡಿ.

ಈ ಸಲ ಅವ್ವನ ತಲೆಯಲ್ಲಿ ಬೇರೆ ಲೆಕ್ಕ ಇತ್ತು. ಬೆಳಗಾವಿ ಕಡೆಯ ಒಂದು ಮನೆಯವರು "ಹುಡುಗಿದು ಸೀರಿ ಉಟ್ಟದ್ದೊಂದು ಫುಲ್ ಫೋಟೋ ಕಳಸ್ರಿ" ಅಂದಿದ್ದರಂತೆ. ಹಿಂದೆ ಇಬ್ಬರಿಗೆ ಕಳಿಸಿದ್ದಾಗಿದೆ, ಇಬ್ಬರೂ ಉತ್ತರ ಕೊಟ್ಟಿಲ್ಲ. "ತೆಳ್ಳನ ಬಣ್ಣದ್ದೊಂದು ಹೊಸಾ ಸೀರಿ ತಗೊಳ್ಳೂಣು. ಪಂಚಮಿ ದಿನ ಉಟ್ಟಾಗ ತಗದ್ರಾತು" ಅಂದ್ಲು. ನಾನು ಹೂಂ ಅಂದೆ. ಶಾಪಿಂಗ್ ಅಂದ್ರೆ ನಾನು ಯಾವುದಕ್ಕೂ ಹೂಂ ಅಂತೀನಿ.

ಧಾರವಾಡದಿಂದ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋದ್ವಿ. ಹಬ್ಬದ ಮುಂಚಿನ ಜವಳಿ ಸಾಲು ನೋಡಬೇಕು ನೀವು! ಛತ್ರಿ ಮೇಲೆ ಛತ್ರಿ, ಕಾಲಡಿ ಕೆಸರು, ಅಂಗಡಿಯೊಳಗೆ ಬಿಳಿ ಹಾಸಿಗೆ ಮೇಲೆ ಸೀರೆಗಳ ರಾಶಿ. ನಾನು ಮಾಲುಗಳಿಗೂ ಹೋಗ್ತೀನಿ, ಆದ್ರೆ ಚಕ್ಕಳಮಕ್ಕಳ ಹಾಕಿ ಕೂತು, "ಅದನ್ನ ತಗೀರಿ, ಅಲ್ಲ ಅದರ ಕೆಳಗಿಂದು, ಅಲ್ಲರೀ ಆ ಬದನೆಕಾಯಿ ಬಣ್ಣದ್ದು" ಅಂತ ಬೆರಳು ತೋರಿಸೋ ಸುಖ ಅಲ್ಲಿಲ್ಲ. ಅಂಗಡಿಯವನು ಒಂದು ಸೀರೆಯನ್ನ ಮಡಿಕೆಯಿಂದ ಝಳಕ್ಕಂತ ಬೀಸಿ ಹರಡ್ತಾನಲ್ಲ, ಆ ಗಳಿಗೆಗೆ ನಾನು ಬೇಕಾದ್ರೆ ಟಿಕೆಟ್ ಕೊಡ್ತೀನಿ.

ಸೀರೆ ಬಣ್ಣದ ಹೆಸರುಗಳೇ ಒಂದು ಸೊಗಸು. ಈರುಳ್ಳಿ ಸಿಪ್ಪೆ, ಮಾವಿನ ಚಿಗುರು, ಮೆಂತ್ಯ, ನೇರಳೆಹಣ್ಣು, ಗಿಣಿಹಸಿರು. ಕಂಚಿಯ ನೇಕಾರರು ಎಂ.ಎಸ್. ಸುಬ್ಬುಲಕ್ಷ್ಮಿಯವರಿಗಂತ ಮಾಡಿದ ನೀಲಿಗೆ ಇವತ್ತಿಗೂ ಎಂ.ಎಸ್. ಬ್ಲೂ ಅಂತಲೇ ಹೆಸರು. ಒಂದು ಬಣ್ಣ ನಮ್ಮ ಹೆಸರಲ್ಲಿ ಉಳಿಯೋದು ಅಂದ್ರೆ ಭಾರತರತ್ನಕ್ಕಿಂತ ಏನು ಕಡಿಮೆ ಹೇಳಿ? (ಅವರಿಗೆ ಅದೂ 1998ರಲ್ಲಿ ಸಿಕ್ತು, ಆ ಮಾತು ಬೇರೆ.)

ಅವ್ವ ಆರಿಸಿದ್ದು ಪೀಚ್. ಎರಡೂವರೆ ಸಾವಿರ. ನನ್ನ ಹೆಗಲ ಮೇಲೆ ಹಾಕಿ, ಟ್ಯೂಬ್‌ಲೈಟಿನ ಕೆಳಗೆ ನಿಲ್ಲಿಸಿ, ಕನ್ನಡಿಯಲ್ಲಿ ನೋಡಿ, "ಹಾಂ, ಇದು ಬರೋಬ್ಬರಿ" ಅಂದ್ಲು. ಅಂಗಡಿಯವನು ಅದನ್ನ ಮಡಚುವಾಗ ಪಕ್ಕದವರು ಬಿಚ್ಚಿಸಿದ್ದ ಇಳಕಲ್ ಸೀರೆಗಳು ನಮ್ಮ ಮುಂದಕ್ಕೆ ಜಾರಿ ಬಂದವು. ಅದರಲ್ಲಿ ಒಂದು ಕರಿ ಸೀರೆ. ಕೆಂಪು ಸೆರಗು. ಒಡಲ ತುಂಬ ಕೈಕಸೂತಿ. ಅವ್ವ ಅದರ ಮೇಲೆ ಕೈ ಇಟ್ಲು. ಬೆರಳು ಒಂದು ಗೋಪುರದ ಚಿತ್ತಾರದ ಮೇಲೆ ಹೋಯ್ತು, ಆಮೇಲೆ ಸೀರೆಯ ಅಂಚು ಮಗುಚಿ ಹಿಂಬದಿ ನೋಡಿದ್ಲು. ಕಸೂತಿ ಗೊತ್ತಿರೋರು ಮಾಡೋದೇ ಹಾಗೆ. ಒಳ್ಳೆ ಕಸೂತಿಗೆ ಗಂಟು ಇರಲ್ಲ, ಗವಂತಿ ಹೊಲಿಗೆಯಾದ್ರೆ ಮುಂದೆ ಹಿಂದೆ ಎರಡೂ ಕಡೆ ಒಂದೇ ಥರ ಕಾಣಬೇಕು.

"ಚಂದ್ರಕಾಳಿ" ಅಂದ್ಲು, ಯಾರಿಗೂ ಅಲ್ಲ ಅನ್ನೋ ಹಾಗೆ.

"ತಗೊಳ್ಳಲೇನ?" ಅಂದೆ.

ಕೈ ತೆಗೆದ್ಲು. "ಕರಿಯಾಕಿಗೆ ಕರಿ ಸೀರಿ ಏನ ಚಂದ. ಏಳು, ಹೊತ್ತಾತು."

ದುರ್ಗದ ಬೈಲಿನಲ್ಲಿ ಗಿರಮಿಟ್ಟು ಮಿರ್ಚಿ ತಿಂದು ಮನೆಗೆ ಬಂದ್ವಿ. ಮಿರ್ಚಿ ಬಹಳ ಖಾರ ಇತ್ತು. ಕಣ್ಣಲ್ಲಿ ನೀರು ಬಂದದ್ದಕ್ಕೆ ಅದೇ ಕಾರಣ ಅಂತ ಇಬ್ಬರೂ ಒಪ್ಕೊಂಡ್ವಿ.

ಮರುದಿನ ರಾತ್ರಿ ಉಂಡಿ ಕಟ್ಟೋ ಕೆಲಸ. ಹಬ್ಬದ ದಿನ ನಮ್ಮ ಮನೆಯಲ್ಲಿ ಹೆಂಚು ಇಡಲ್ಲ, ಕರಿಯಲ್ಲ, ಹೆಚ್ಚಲ್ಲ. ಎಲ್ಲಾ ಮೊದಲೇ ಆಗಿರಬೇಕು. ಹಿಂದಿನ ದಿನ ರೊಟ್ಟಿ ಪಂಚಮಿ, ಅವತ್ತು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ಕಟಕ ರೊಟ್ಟಿ, ಪಲ್ಯ, ಚಟ್ನಿಪುಡಿ ಎಲ್ಲ ತಟ್ಟೆ ತಟ್ಟೆ ಓಣಿ ತುಂಬ ಓಡಾಡ್ತವೆ. ಅದಕ್ಕೂ ಮೊದಲೇ ಉಂಡಿ ಡಬ್ಬಿ ಸೇರಬೇಕು.

ಉಂಡಿ ಅಂದ್ರೆ ಒಂದೆರಡಲ್ಲ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಬೇಸನ್ ಉಂಡಿ, ತಂಬಿಟ್ಟು, ಗುಳ್ಳಡಕಿ ಉಂಡಿ, ಲಡಕಿ ಉಂಡಿ, ಮಕ್ಕಳಿಗೆ ಚುರುಮರಿ ಉಂಡಿ. ಜೊತೆಗೆ ಜೋಳದ ಅಳ್ಳು. ಅದರಲ್ಲಿ ನನ್ನ ಜೀವ ಇರೋದು ಲಡಕಿ ಉಂಡಿಯಲ್ಲಿ. ಕಡ್ಲೆಹಿಟ್ಟಿನ ಶೇವು ಕರಿದು, ಮುರಿದು, ಬೆಲ್ಲದ ಆಣಕ್ಕೆ ಹಾಕಿ ಬಿಸಿ ಇರುವಾಗಲೇ ಕಟ್ಟಬೇಕು. ಆಣ ಅಂದ್ರೆ ಪಾಕ. ಅದು ಬಂದಿದೆಯೋ ಇಲ್ಲವೋ ಅಂತ ನೋಡೋಕೆ ಬಟ್ಟಲಲ್ಲಿ ನೀರಿಟ್ಕೊಂಡು ಒಂದು ಹನಿ ಬಿಡೋದು. ಕರಗಿದ್ರೆ ಇನ್ನೂ ಆಗಿಲ್ಲ, ಬೆರಳಿಗೆ ಮೆತ್ತಗೆ ಉರುಟಾಗಿ ಸಿಕ್ಕಿದ್ರೆ ಸರಿ, ಟಣ್ ಅಂದ್ರೆ ಹೋಯ್ತು, ಆ ಉಂಡಿ ತಿನ್ನೋಕೆ ಸುತ್ತಿಗೆ ಬೇಕು. ಆಣ ಬಂದ ಮೇಲೆ ಯಾರೂ ಏಳೋ ಹಾಗಿಲ್ಲ, ಮಾತಾಡ್ತಾ ಕೈ ನಿಲ್ಲಿಸೋ ಹಾಗಿಲ್ಲ. ತಣ್ಣಗಾದ್ರೆ ಕಟ್ಟೋಕೆ ಬರಲ್ಲ. ಅಂಗೈ ಕೆಂಪಾಗಿ ಉರೀತಿರುತ್ತೆ. (ನನ್ನ ಅಂಗೈ ಮಾತ್ರ ಕೆಂಪಾಗುತ್ತೆ ಅಂತ ಅಕ್ಕ ಚೇಷ್ಟೆ ಮಾಡ್ತಾಳೆ.)

ಅಕ್ಕ ಮರುದಿನ ಬರೋಳಿದ್ಲು, ಅಪ್ಪ ಮಲಗಿದ್ರು. ಅಡುಗೆಮನೆಯಲ್ಲಿ ನಾನು, ಅವ್ವ, ಒಂದು ಬುಟ್ಟಿ ಶೇವು. ನಾನು ಸುಮ್ನೆ ಕೇಳಿದೆ, "ಆ ಕರಿ ಸೀರಿಗೆ ಯಾಕ ಹಂಗ ಮಾಡಿದಿ?"

ಅವ್ವ ನಾಲ್ಕು ಉಂಡಿ ಕಟ್ಟೋವರೆಗೂ ಏನೂ ಅನ್ನಲಿಲ್ಲ. ಆಮೇಲೆ, "ನಮ್ಮವ್ವ ನನಗೂ ಒಂದು ಕೊಟ್ಟಿದ್ಲು" ಅಂದ್ಲು.

ನಮ್ಮ ಕಡೆ ಮದುವೆ ಹೆಣ್ಣಿಗೆ ಕೊಡೋ ಸೀರೆಗಳಲ್ಲಿ ಕಸೂತಿ ಮಾಡಿದ ಕರಿ ಚಂದ್ರಕಾಳಿ ಇರಲೇಬೇಕು ಅಂತ ಹಿಂದೆ ಪದ್ಧತಿ ಇತ್ತು. ಕಪ್ಪು ಅಶುಭ ಅನ್ನೋ ಮಾತು ಆ ಸೀರೆಗೆ ಅನ್ವಯಿಸಲ್ಲ. ಆಯಿ, ಅಂದ್ರೆ ಅವ್ವನ ಅವ್ವ, ಅದಕ್ಕೆ ತಾನೇ ಕಸೂತಿ ಹಾಕಿದ್ದಳಂತೆ. ಪಡಸಾಲೆಯಲ್ಲಿ ಬೆಳಕು ಇರೋವರೆಗೂ ಕೂತು, ಎಳೆ ಎಣಿಸಿ ಎಣಿಸಿ, ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೆ. ಗೋಪುರ, ತುಳಸಿಕಟ್ಟೆ, ತೇರು, ಗಿಣಿ, ಆನೆ ಅಂಬಾರಿ.

"ಮದುವಿ ಆದ ಮ್ಯಾಲೆ ಉಟ್ಕೊಂಡು ಹೊರಗ ಬಂದೆ. ನಿಮ್ಮಪ್ಪನ ಕಡಿ ಹೆಂಗಸರು ಕುಂತಿದ್ರು. ಒಬ್ಬಾಕಿ ಅಂದ್ಲು, 'ಇದರಾಗ ಹೆಣ್ಣೆಲ್ಲಿ ಐತಿ, ಸೀರಿ ಎಲ್ಲಿ ಐತಿ, ದೀಪಾ ತೊಗೊಂಡು ಬರ್ರಿ, ನೋಡೂಣು' ಅಂತ. ಎಲ್ಲಾರೂ ನಕ್ರು. ನಾನೂ ನಕ್ಕೆ."

ಉಂಡಿ ಕಟ್ಟುವ ಕೈ ನಿಲ್ಲಿಸಲಿಲ್ಲ ಅವಳು.

"ಅದಕ್ಕಿಂತ ಮೊದಲ, ಮಾತುಕತಿ ಆಗೂಮುಂದ ನಮ್ಮಪ್ಪ ಎರಡು ತೊಲಿ ಬಂಗಾರ ಹೆಚ್ಚು ಹಾಕತೇನಿ ಅಂದಿದ್ದ. ಅವರು ಕೇಳಿರಲಿಲ್ಲ. ತಾನ ಅಂದಾಂವ. ಬಣ್ಣ ಕಡಿಮಿ ಐತೆಲ್ಲ ಹುಡುಗಿದು, ಅದಕ್ಕ."

ಎರಡು ತೊಲಿ. ಅವ್ವನ ಬಣ್ಣಕ್ಕೆ ಅವ್ವನ ಅಪ್ಪನೇ ಕಟ್ಟಿದ ಬೆಲೆ. ನಾನು ಅಷ್ಟು ವರ್ಷದಿಂದ ಅವಳ ಕೈಯಲ್ಲಿ ನೋಡಿದ ಪಾಟ್ಲಿ ಅದೇ ಬಂಗಾರದ್ದು.

"ಸೀರಿ ಎಲ್ಲೈತಿ ಈಗ?"

"ನೀ ಹೊದಕೊಂಡಿ ಅಲ್ಲ ಇಷ್ಟು ವರ್ಷ" ಅಂದ್ಲು.

ನಮ್ಮ ಮನೆಯ ಕೌದಿ! ನಿಮಗೆ ಕೌದಿ ಗೊತ್ತಲ್ಲ, ಹಳೇ ಸೀರೆ ಧೋತರ ಎಲ್ಲ ಚೌಕ ಚೌಕ ಕತ್ತರಿಸಿ, ಒಂದರ ಮೇಲೊಂದು ಇಟ್ಟು ಹೊಲಿಯೋ ಹೊದಿಕೆ. ಚಿಕ್ಕವಳಿದ್ದಾಗಿಂದ ನಾನು ಹೊದೀತಿದ್ದ ಕೌದಿಯ ನಡುವೆ ಕರಿ ತುಂಡುಗಳಿದ್ವು. ಒಂದರಲ್ಲಿ ಅರ್ಧ ಗೋಪುರ, ಒಂದರಲ್ಲಿ ತಲೆ ಇಲ್ಲದ ಗಿಣಿ, ಒಂದರಲ್ಲಿ ಆನೆಯ ನಾಲ್ಕು ಕಾಲು. ನಿದ್ದೆ ಬರೋವರೆಗೂ ಆ ದಾರದ ಮೇಲೆ ಬೆರಳು ಓಡಿಸ್ತಾ ಮಲಗೋದು ನನ್ನ ಅಭ್ಯಾಸವಾಗಿತ್ತು. ಗಿಣಿಯ ತಲೆ ಎಲ್ಲಿ ಹೋಯ್ತು ಅಂತ ಕೌದಿ ತುಂಬ ಹುಡುಕಿದ್ದೂ ಉಂಟು.

"ಮಡಚಿ ಟ್ರಂಕಿನ್ಯಾಗ ಇಟ್ರ ತಗದಾಗೊಮ್ಮೆ ನೋಡಬೇಕಾಗತಿತ್ತು. ಕೌದಿಗೆ ಹಾಕಿದ್ರ ಹುಡುಗ್ರು ಬೆಚ್ಚಗರ ಇರತಾವು ಅಂತ ಮಾಡಿದೆ."

"ಆಯಿ ಕೇಳಲಿಲ್ಲೇನ?"

"ಕೇಳಿದ್ಲು. ಇಲಿ ಕಡದಾವು ಅಂತ ಹೇಳಿದೆ." ಸ್ವಲ್ಪ ಹೊತ್ತು ಬಿಟ್ಟು, "ಆಣ ಗಟ್ಟಿ ಆಗಾಕತ್ತೈತಿ, ಲಗೂ ಲಗೂ ಕಟ್ಟು" ಅಂದ್ಲು.

ಆ ರಾತ್ರಿ ನಂಗೆ ನಿದ್ದೆ ಹತ್ತಲಿಲ್ಲ. ಬಿಸ್ಕತ್ ಬಣ್ಣದ ಫ್ರಾಕುಗಳು, ಕೆನೆ ಬಣ್ಣದ ಚೂಡಿದಾರ, ಮೊನ್ನೆಯ ಪೀಚು ಸೀರೆ, ಎಲ್ಲಾ ಸಾಲಾಗಿ ಬಂದು ನಿಂತವು. ಅವ್ವನಿಗೆ ಬಣ್ಣದ ಬಗ್ಗೆ ತಿಳಿವಳಿಕೆ ಇಲ್ಲ ಅಂತ ಎಷ್ಟು ಸಲ ಅಂದ್ಕೊಂಡಿದ್ದೆ! ಅಂಥ ಮಾತು ನನ್ನ ಕಿವಿಗೆ ಬೀಳದ ಹಾಗೆ ಇಷ್ಟು ವರ್ಷ ಅಡ್ಡ ಹಿಡಿದುಕೊಂಡು ಬಂದಿದ್ದಳು. ಹಾಗಂತ ನನ್ನ ಸಿಟ್ಟೇನೂ ಪೂರ್ತಿ ಹೋಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಯಾರೋ ಒಬ್ಬಳು ಹೆಂಗಸು ಯಾವತ್ತೋ ಆಡಿದ ಮಾತಿಗೆ ನನ್ನ ರಾಣಿ ಬಣ್ಣದ ಫ್ರಾಕು ಹೋಯ್ತಲ್ಲ ಅಂತ ಹೊಟ್ಟೆ ಉರೀತು. ಆ ಹೆಂಗಸು ಯಾರು ಅಂತ ಅವ್ವ ಹೇಳಲಿಲ್ಲ. ಹೇಳಿದ್ರೆ ಅವಳ ಮನೆಗೆ ಕಳಿಸೋ ಉಂಡಿಯಲ್ಲಿ ಏನಾದ್ರೂ ಬೆರೆಸ್ತೀನಿ ಅಂತ ಹೆದರಿರಬೇಕು.

ಮಾರನೇ ದಿನ "ಬಳಿ ತರಾಕ ಹೊಂಟೇನಿ" ಅಂತ ಹೇಳಿ ಒಬ್ಬಳೇ ಚಿಗರಿ ಹತ್ತಿದೆ. ಸೀರೆ ಇನ್ನೂ ಇತ್ತು. ಅಂಗಡಿಯವನಿಗೆ ನನ್ನ ಗುರುತು ಸಿಕ್ತು. "ನಿನ್ನೆ ಮೊನ್ನೆ ಬಂದಿದ್ರಿ ಅಲ್ಲರೀ ಅಕ್ಕಾರ, ಪೀಚ್ ತಗೊಂಡ್ರಿ." ಈ ಸಲ ನಾನೇ ಬಿಚ್ಚಿಸಿ, ನಾನೇ ಮಗುಚಿ ಹಿಂಬದಿ ನೋಡಿದೆ. ಗಂಟಿಲ್ಲ. ಇಳಕಲ್ ಸೀರೆಯಲ್ಲಿ ಇನ್ನೊಂದು ವಿಶೇಷ ಇದೆ. ಒಡಲಿನ ಹಾಸೇ ಬೇರೆ, ಸೆರಗಿನ ರೇಷ್ಮೆ ಹಾಸೇ ಬೇರೆ. ಎರಡರ ಎಳೆಗಳನ್ನೂ ಒಂದಕ್ಕೊಂದು ಕುಣಿಕೆ ಹಾಕಿ ಜೋಡಿಸಿ ನೇಯ್ತಾರೆ. ತೋಪು ತೆನಿ ಅಂತಾರೆ ಅದಕ್ಕೆ. ಹಾಗಾಗಿ ಒಂದೊಂದು ಸೀರೆಗೂ ಒಂದೊಂದು ಹಾಸು ಹೂಡಬೇಕು. ಅದಾದ ಮೇಲೆ ಕಸೂತಿ. ಒಡಲ ಮೇಲೆ ಕೈ ಇಟ್ಟಾಗ ಎಷ್ಟು ಜನರ ಎಷ್ಟು ದಿನ ಅದರಲ್ಲಿದೆ ಅನ್ನಿಸ್ತು.

ಆರು ಸಾವಿರದ ಎಂಟುನೂರು. ಚೌಕಾಸಿ ಮಾಡಲಿಲ್ಲ. ಹೌದು, ನಾನೇ, ಮಾಡಲಿಲ್ಲ! ಕನ್ನಡಿ ಮುಂದೆ ಹೆಗಲ ಮೇಲೆ ಹಾಕಿಕೊಂಡೂ ನೋಡಲಿಲ್ಲ. ನೋಡಿದ್ರೆ ವಾಪಸ್ ಕೊಟ್ಟುಬಿಡ್ತೀನೇನೋ ಅಂತ ಹೆದರಿಕೆ. ಬಳೆ ಕೊಳ್ಳೋದನ್ನ ಮರೆತು ಬಂದೆ.

ರವಿಕೆ ಸಮಸ್ಯೆ ಇರಲಿಲ್ಲ. ಬೆಂಗಳೂರಲ್ಲಿ ಆನ್‌ಲೈನಿನಲ್ಲಿ ಒಂದು ಕೆಂಪು ಖಣದ ರವಿಕೆ ತರಿಸ್ಕೊಂಡಿದ್ದೆ, ಒಮ್ಮೆಯೂ ಹಾಕಿರಲಿಲ್ಲ. ಖಣದ ವಿಷಯ ಬಂತು ಅಂತ ಹೇಳ್ತೀನಿ, ಉಡಿ ತುಂಬುವಾಗ ಕೊಡೋ ಗುಳೇದಗುಡ್ಡದ ಖಣ ಈಗ ದೊಡ್ಡ ಫ್ಯಾಷನ್ನು. ಡ್ರೆಸ್ಸು, ಪರ್ಸು, ಕಿವಿಯೋಲೆ ಎಲ್ಲದಕ್ಕೂ ಖಣ. ನಾನು ಸಾವಿರದ ಮುನ್ನೂರು ಕೊಟ್ಟು ರವಿಕೆ ತರಿಸಿದ ಮೇಲೆ ಗೊತ್ತಾಯ್ತು, ಅವ್ವನ ಟ್ರಂಕಿನ ತಳದಲ್ಲಿ ಹೊಲಿಸದೇ ಇಟ್ಟ ಹದಿನೇಳು ಖಣ ಇವೆ ಅಂತ. ಅವಳಿಗೆ ಹೇಳಿದ ಬೆಲೆ ಆರುನೂರೈವತ್ತು. ಅದಕ್ಕೇ ಬೈಸಿಕೊಂಡೆ.

ಪಂಚಮಿ ದಿನ ಬೆಳಿಗ್ಗೆ ತಲೆಗೆ ಎರಕೊಂಡು, ಕೋಣೆ ಬಾಗಿಲು ಹಾಕ್ಕೊಂಡು ಕರಿ ಸೀರೆ ಉಟ್ಟೆ. ಫಾಲ್ ಇಲ್ಲ, ಪಿಕೋ ಇಲ್ಲ. ಆಮೇಲೆ ಕನ್ನಡಿ ನೋಡಿದೆ. ನಾನು ಸುಂದರಿ ಅಂತ ಹೇಳೋಕೆ ಹೊರಟಿಲ್ಲ, ಹೆದರಬೇಡಿ. ಕಾಣಿಸಿದೆ, ಅಷ್ಟೇ. ಬಿಸ್ಕತ್ ಬಣ್ಣದಲ್ಲಿ ನಾನೂ ಗೋಡೆಯೂ ಒಂದೇ ಆಗಿರ್ತಿದ್ವಿ.

ಹೊರಗೆ ಬಂದಾಗ ಅವ್ವ ನಾಗಪ್ಪನಿಗೆ ಹಾಲೆರೆಯೋ ತಯಾರಿಯಲ್ಲಿದ್ಲು. ತಲೆ ಎತ್ತಿ ನೋಡಿದ್ಲು. ಕೈಯಲ್ಲಿ ಹಾಲಿನ ತಂಬಿಗೆ. ಅಕ್ಕ "ಅಯ್ಯ ಯವ್ವಾ, ಎಂಥಾ ಚಲೋ ಸೀರೀನs!" ಅಂತ ಕೂಗಿದ್ಲು. ಚಿಗವ್ವ ಅದೇ ಹೊತ್ತಿಗೆ ಬಾಗಿಲಲ್ಲಿ ಚಪ್ಪಲಿ ಬಿಡ್ತಿದ್ದೋಳು, "ಹಬ್ಬದ ದಿನ ಕರೇದ್ಯಾಕ ಉಟ್ಟೀ ನಮ್ಮವ್ವಾ, ಅದೂ ನಿನ್ನ ಬಣ್ಣಕ್ಕ..." ಅಂತ ಶುರು ಮಾಡಿದ್ಲು.

"ಚಂದ್ರಕಾಳಿ ಅದು. ಹಬ್ಬಕ್ಕ ಉಡೂದ ಐತಿ" ಅಂದ್ಲು ಅವ್ವ. ಜೋರಾಗೇನಲ್ಲ. ತಂಬಿಗೆ ಕೆಳಗಿಟ್ಟು ಹತ್ತಿರ ಬಂದು, ನನ್ನ ನೆರಿಗೆ ಒಮ್ಮೆ ಬಿಚ್ಚಿ ಮತ್ತೆ ಹಿಡಿದು, ಸೆರಗನ್ನ ಒಂದು ಗೇಣು ಕೆಳಗೆ ಬಿಟ್ಲು. "ಸೆರಗ ಕಾಣಬೇಕು. ಅದರಾಗ ಅಲ್ಲೇನ ಇರೂದು." ಆಮೇಲೆ ಕಿವಿ ಹತ್ತಿರ, "ಎಷ್ಟ?"

"ಮೂರು ಸಾವಿರದ ನಾಕನೂರು" ಅಂದೆ. ಸೂತ್ರ ಸೂತ್ರವೇ.

"ಹೂಂ" ಅಂದ್ಲು. ಧಾರವಾಡ ಮಾರ್ಕೆಟ್ಟಿನ ರೇಟು ಹೇಳಲಿಲ್ಲ.

ಆಮೇಲೆ ಹಾಲೆರೆದದ್ದು, ಓಣಿ ಹುಡುಗರು ಕೊಬ್ಬರಿ ಬಟ್ಟಲಿಗೆ ದಾರ ಕಟ್ಟಿ ಗಿರಗಿರ ತಿರುಗಿಸಿದ್ದು, ನಾನು ಮಧ್ಯಾಹ್ನದೊಳಗೆ ಐದು ಲಡಕಿ ಉಂಡಿ ಮುಗಿಸಿದ್ದು ಇತ್ಯಾದಿ. ಮಳೆ ನಿಂತಾಗ ಹಿತ್ತಲಿನ ಬೇವಿನ ಮರದ ಜೋಕಾಲಿಯಲ್ಲಿ ಕೂತೆ. ಚಿಗವ್ವನ ಮಗ ಮೊಬೈಲಲ್ಲಿ ಫೋಟೋ ತೆಗೆದ. ಅವ್ವ ಅದನ್ನ ಇಸ್ಕೊಂಡು ಎರಡು ಬೆರಳಲ್ಲಿ ದೊಡ್ಡದು ಮಾಡಿ ಮಾಡಿ ನೋಡಿದ್ಲು. ಮುಖ ನೋಡಿದ್ಲೋ ಗೋಪುರ ನೋಡಿದ್ಲೋ ಗೊತ್ತಾಗಲಿಲ್ಲ.

"ಇದನ್ನ ಕಳಸಲೇನ ಬೆಳಗಾವಿಯವರಿಗೆ?" ಅಂತ ಕೇಳಿದೆ.

ಬಹಳ ಹೊತ್ತು ಯೋಚನೆ ಮಾಡಿದ್ಲು. "ಸಂಜಿಮುಂದ ಆ ಪೀಚ್ ಉಟ್ಟದ್ದೂ ಒಂದು ತಗೀರಿ. ಎರಡೂ ಕಳಸೂಣು" ಅಂದ್ಲು. ಎರಡೂ ಹೋದವು. ಉತ್ತರ ಬಂದಿದೆಯೋ ಇಲ್ಲವೋ ಅಂತ ನಾನೂ ಕೇಳಿಲ್ಲ, ಅವಳೂ ಹೇಳಿಲ್ಲ.

ರಾತ್ರಿ ಬಸ್ಸಿಗೆ ಚೀಲ ತುಂಬುವಾಗ ಅವ್ವ ಎರಡು ಡಬ್ಬಿ ಉಂಡಿ, ಒಂದು ಕಟ್ಟು ಕಟಕ ರೊಟ್ಟಿ, ಶೇಂಗಾ ಚಟ್ನಿ ಎಲ್ಲ ತುರುಕಿದ್ಲು. ಪೀಚ್ ಸೀರೆ ಇಟ್ಲು. ಕರಿ ಸೀರೆ ಮಾತ್ರ ಅವಳ ಕೈಯಲ್ಲೇ ಇತ್ತು. "ಇದು ಇರವಲ್ಲತ್ಯಾಕ. 'ಫಾಲ್ ಹಚ್ಚಿಸಿ ಇಡತೇನಿ. ಶ್ರಾವಣ ಶುಕ್ರವಾರ ಒಂದಿವ್ಸ ಉಟ್ಟು ನೋಡತೇನಿ" ಅಂದ್ಲು, ನನ್ನ ಮುಖ ನೋಡದೇ ಮಡಿಕೆ ಸರಿಮಾಡ್ತಾ.

ಉಟ್ಲೋ ಇಲ್ಲವೋ ಅಂತ ಕೇಳೋಕೆ ನಂಗೆ ಧೈರ್ಯ ಬರಲಿಲ್ಲ. ಶನಿವಾರ ಅಕ್ಕ ಒಂದು ಫೋಟೋ ಕಳಿಸಿದ್ಲು. ಗುಡಿಯ ಕಟ್ಟೆ ಮೇಲೆ ಅವ್ವ, ಬಿಸಿಲಿಗೆ ಕಣ್ಣು ಕಿರಿದು ಮಾಡ್ಕೊಂಡು ಕೂತಿದಾಳೆ. ಕರಿ ಸೀರೆ. ಸೆರಗು ಮುಂದೆ ಕಾಣೋ ಹಾಗೆ ಮೊಣಕಾಲ ಮೇಲೆ ಹರಡ್ಕೊಂಡಿದಾಳೆ.

ಭಾನುವಾರ ಅವಳದ್ದೇ ಫೋನ್. ಊಟ ಆಯ್ತಾ, ಮಳೆ ಐತಾ, ಉಂಡಿ ಗೆಳತ್ಯಾರಿಗೆ ಕೊಟ್ಯಾ, ಎಲ್ಲ ಆದ ಮೇಲೆ,

"ಅಲ್ಲಾ, ಸೀರಿ ಚೀಲದಾಗ ಬಿಲ್ ಐತಿ ನೋಡು."

ನನ್ನ ಎದೆ ಧಸಕ್ಕಂತು. ಇಷ್ಟು ವರ್ಷದಲ್ಲಿ ಮೊದಲ ಸಲ ಬಿಲ್ ಬಿಸಾಕೋದು ಮರೆತಿದ್ದೆ.

"ಆರ ಸಾವಿರದ ಎಂಟನೂರು" ಅಂತ ನಿಧಾನವಾಗಿ, ಅಕ್ಷರ ಕೂಡಿಸಿ ಓದೋ ಹಾಗೆ ಓದಿದ್ಲು. ನಾನು ಉಸಿರು ಬಿಡಲಿಲ್ಲ. ಆ ಕಡೆ ಕುಕ್ಕರ್ ಸೀಟಿ ಹೊಡೀತು.

"ಟ್ರಂಕಿನ್ಯಾಗ ಇಟ್ಟೇನಿ. ಡಾಂಬರ ಗುಳಗಿ ಹಾಕೇನಿ, ಇಲಿ ಗಿಲಿ ಏನೂ ಬರಂಗಿಲ್ಲ" ಅಂದ್ಲು.